ಕಾಲು ತೊಳೆಸಿಕೊಳ್ಳುವ ಕಾಲ ಬಂದಾಗ

'ದೇವರೇ, ಹಾಸಿಗೆ ಹಿಡಿಸಬೇಡ. ಯಾರಿಗೂ ಭಾರ ಆಗೋದು ಬೇಡ. ಕೈಕಾಲು ಗಟ್ಟಿ ಇರುವಾಗಲೇ ಕರೆದುಕೊಂಡು ಬಿಡು.'

ಅರವತ್ತೈದು ದಾಟಿದ ಹೆಂಗಸರ ಬಾಯಲ್ಲಿ ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ನೀವೇ ಆ ವಯಸ್ಸಿನವರಾದರೆ ಮನಸ್ಸಿನಲ್ಲೇ ಹೇಳಿಕೊಂಡಿರುತ್ತೀರಿ. ಈ ಪ್ರಾರ್ಥನೆಗೆ ಜಾತಿ, ಧರ್ಮದ ಹಂಗಿಲ್ಲ. ಆದರೆ ಕ್ರೈಸ್ತ ಮನೆಗಳಲ್ಲಿ ಇದು ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಕೇಳಿಸುತ್ತದೆ. ಯಾಕೆಂದರೆ 'ಸೇವೆ ಮಾಡು, ಕೊಡು, ತಾಳಿಕೋ' ಎಂಬ ಪಾಠವನ್ನು ಹುಡುಗಿಯಾಗಿದ್ದಾಗಿನಿಂದಲೂ ಭಾನುವಾರದ ಜ್ಞಾನೋಪದೇಶದ ತರಗತಿಯಲ್ಲಿ ಕಲಿತವರು ಇವರು. ಬೆಳಿಗ್ಗೆ ಮೊದಲ ಪೂಜೆಗೆ ಓಡಿ, ಬಂದು ತಿಂಡಿ ಮಾಡಿ, ಅತ್ತೆಯ ಹಾಸಿಗೆ ಬದಲಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಜಪಸರಕ್ಕೆ ಎಲ್ಲರನ್ನೂ ಕೂರಿಸಿದವರು. ಈಗ ಮೊಣಕಾಲು ಮಡಚಲು ಆಗುತ್ತಿಲ್ಲ. ಸ್ನಾನದ ಮನೆಗೆ ಹೋಗಲೂ ಯಾರದಾದರೂ ಕೈ ಬೇಕು. ಕೊಡುವುದೇ ಭಕ್ತಿ ಎಂದು ತಿಳಿದವಳಿಗೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ನೋಡಿ!

ಆದರೆ ಒಂದು ಪ್ರಶ್ನೆ. ತೆಗೆದುಕೊಳ್ಳುವುದು ಭಕ್ತಿಯಲ್ಲ ಎಂದು ಹೇಳಿದವರು ಯಾರು?

ಬೇಡ ಎಂದಿದ್ದು ಪೇತ್ರನೂ ಹೌದು

ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ತೆಗೆದು ನೋಡಿ. ಕೊನೆಯ ಭೋಜನದ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಬೇಡವೇ ಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡವನು ಪೇತ್ರ. ನಮ್ಮ ಅಜ್ಜಿಯರ ಹಾಗೆಯೇ! ಹಾಗಿದ್ದರೆ ನನಗೂ ನಿನಗೂ ಸಂಬಂಧವೇ ಇಲ್ಲ ಎಂಬ ಅರ್ಥದಲ್ಲಿ ಯೇಸು ಉತ್ತರ ಕೊಟ್ಟ ಮೇಲೆ ಅವನು ಒಪ್ಪಿದ.

ಇದೇ ಪೇತ್ರನಿಗೆ 21ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ. ಹರೆಯದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ, ಮುಪ್ಪಿನಲ್ಲಿ ನೀನು ಕೈಚಾಚುವೆ, ಬೇರೊಬ್ಬರು ನಿನಗೆ ನಡುಕಟ್ಟುವರು ಎಂಬ ಅರ್ಥದ ಮಾತು. ಅದು ಅವನ ಮರಣದ ಸೂಚನೆ ಎಂದು ಶುಭಸಂದೇಶವೇ ಹೇಳುತ್ತದೆ. ಆದರೆ ಸೊಸೆ ರವಿಕೆಯ ಗುಂಡಿ ಹಾಕಿಕೊಡುವಾಗ ಕೈ ಚಾಚಿ ನಿಂತ ಅಜ್ಜಿಗೆ ಈ ಮಾತು ಬೇರೆಯದೇ ರೀತಿಯಲ್ಲಿ ಅರ್ಥವಾಗುತ್ತದೆ ಅಲ್ಲವೇ?

ಪವಿತ್ರ ಗುರುವಾರ ಚರ್ಚುಗಳಲ್ಲಿ ಕಾಲು ತೊಳೆಯುವ ವಿಧಿ ನಡೆಯುವುದು ನಿಮಗೆ ಗೊತ್ತು. ಕಥೋಲಿಕ ಸಭೆಯ ನಿಯಮದ ಪ್ರಕಾರ ಬಹಳ ಕಾಲ ಇದಕ್ಕೆ ಗಂಡಸರನ್ನಷ್ಟೇ ಆರಿಸಬೇಕಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಇಚ್ಛೆಯಂತೆ ನಿಯಮ ಬದಲಾಯಿತು. ಹೆಂಗಸರು, ವಯಸ್ಸಾದವರು, ಕಾಯಿಲೆಯವರು, ಯಾರೂ ಕೂರಬಹುದು ಎಂದಾಯಿತು. ಜೀವನವಿಡೀ ಬೇರೆಯವರ ಕಾಲು ತೊಳೆದವರಿಗೆ ತಮ್ಮ ಕಾಲು ಮುಂದಿಡಲು ಸಂಕೋಚ. ಬಿರುಕು ಬಿಟ್ಟ ಹಿಮ್ಮಡಿಯನ್ನು ಫಾದರ್ ಮುಟ್ಟುವುದೇ ಎಂಬ ನಾಚಿಕೆ.

ಪೋಪ್ ಫ್ರಾನ್ಸಿಸ್ ಅವರ ಮುಪ್ಪನ್ನೇ ನೋಡಿ. ಮೊಣಕಾಲು ನೋವಿನಿಂದ 2022ರಲ್ಲಿ ಗಾಲಿಕುರ್ಚಿಗೆ ಬಂದರು. 2024ರ ಪವಿತ್ರ ಗುರುವಾರ ರೋಮಿನ ರೆಬಿಬ್ಬಿಯ ಜೈಲಿನಲ್ಲಿ 12 ಮಂದಿ ಮಹಿಳಾ ಕೈದಿಗಳ ಕಾಲನ್ನು ಗಾಲಿಕುರ್ಚಿಯಲ್ಲಿ ಕೂತೇ ತೊಳೆದರು. ಬಗ್ಗಲು ಆಗದು ಎಂದು ಆ ಹೆಂಗಸರನ್ನು ಎತ್ತರದ ಜಾಗದಲ್ಲಿ ಕೂರಿಸಿದ್ದರು. 2025ರಲ್ಲಿ ಅದೂ ಆಗಲಿಲ್ಲ. ಆದರೂ ರೋಮಿನ ಇನ್ನೊಂದು ಜೈಲಿಗೆ ಹೋಗಿ, ಈ ಸಲ ಕಾಲು ತೊಳೆಯಲು ಆಗದು, ಆದರೆ ನಿಮ್ಮ ಹತ್ತಿರ ಇರಲು ಬಂದೆ ಎಂಬಂತೆ ಮಾತಾಡಿ ಬಂದರು. ನಾಲ್ಕು ದಿನಗಳ ನಂತರ, ಏಪ್ರಿಲ್ 21ರಂದು ತೀರಿಕೊಂಡರು. ಕೈಲಾಗುವವರೆಗೆ ಮಾಡುವುದು, ಆಗದಾಗ ಆಗದು ಎಂದು ಬಾಯಿಬಿಟ್ಟು ಹೇಳುವುದು, ಆಮೇಲೂ ಹತ್ತಿರ ಇರುವುದು. ಮನೆಯ ಹಿರಿಯರಿಗೂ ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ನಿಮಗೇ ವಯಸ್ಸಾಗಿದ್ದರೆ...

* ಬಾಯಿಬಿಟ್ಟು ಕೇಳಿ: 'ಅವಳಿಗೇ ಗೊತ್ತಾಗಬೇಕಿತ್ತು' ಎಂದು ಒಳಗೊಳಗೇ ಕೊರಗಬೇಡಿ. ಮಗಳಿಗಾಗಲಿ ಸೊಸೆಗಾಗಲಿ ನಿಮ್ಮ ಮನಸ್ಸು ಓದಲು ಬರುವುದಿಲ್ಲ. 'ರಾತ್ರಿ ಎದ್ದಾಗ ಭಯ ಆಗುತ್ತೆ, ಒಂದು ಚಿಕ್ಕ ದೀಪ ಹಾಕಿಸು' ಎಂದರೆ ಸಾಕು, ಅರ್ಧ ಕಷ್ಟ ಕಳೆಯುತ್ತದೆ.

* ಉಪವಾಸದ ಹಟ ಬೇಡ: ತಪಸ್ಸುಕಾಲ ಬಂದರೆ ಎಷ್ಟೋ ಹಿರಿಯರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಡುತ್ತಾರೆ. ಇದರಿಂದ ರಕ್ತದ ಸಕ್ಕರೆ ಏಕಾಏಕಿ ಇಳಿದು ತಲೆಸುತ್ತಿ ಬೀಳುವ ಅಪಾಯವಿದೆ. ಕಥೋಲಿಕ ಸಭೆಯ ಕಾನೂನಿನಲ್ಲೇ ಉಪವಾಸದ ಕಡ್ಡಾಯ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಕಾಯಿಲೆ ಇದ್ದವರಿಗೆ ಯಾವ ವಯಸ್ಸಿನಲ್ಲೂ ವಿನಾಯಿತಿ ಇದೆ. ದೇವರು ಕೇಳದ ಲೆಕ್ಕವನ್ನು ನೀವೇಕೆ ಒಪ್ಪಿಸುತ್ತೀರಿ? ಅಷ್ಟಕ್ಕೂ ಮಾಡಲೇಬೇಕು ಎನ್ನಿಸಿದರೆ ಮೊದಲು ಡಾಕ್ಟರನ್ನು ಕೇಳಿ.

* ಅಭ್ಯಂಗಕ್ಕೆ ಹೆದರಬೇಡಿ: 'ಫಾದರನ್ನು ಎಣ್ಣೆ ಹಚ್ಚಲು ಕರೆದರು ಅಂದ್ರೆ ಮುಗೀತು' ಎಂಬ ಭಯ ಹಳೆಯ ಕಾಲದ್ದು. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಇದು ರೋಗಿಗಳ ಅಭ್ಯಂಗ, ಸಾಯುವವರಿಗೆ ಮಾತ್ರ ಇರುವ ಸಂಸ್ಕಾರವಲ್ಲ. ದೊಡ್ಡ ಆಪರೇಷನ್‌ಗೆ ಮೊದಲು, ಮುಪ್ಪಿನಿಂದ ತೀರಾ ನಿತ್ರಾಣವಾದಾಗ ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೆಯೂ ಪಡೆಯಬಹುದು. ಚರ್ಚಿಗೆ ಹೋಗಲು ಆಗದಿದ್ದರೆ ಪರಮಪ್ರಸಾದವನ್ನು ಮನೆಗೇ ತರುತ್ತಾರೆ. ಹೇಳಿಕಳಿಸಲು ಸಂಕೋಚ ಬೇಡ.

* ಹರಸುವ ಕೆಲಸ ಬಿಡಬೇಡಿ: ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಬಂದು 'ಬೆಸಾಂವ್' ಕೇಳುವ ಪದ್ಧತಿ ಇದೆ, ಅಂದರೆ ಆಶೀರ್ವಾದ. ಇದಕ್ಕೆ ಮೊಣಕಾಲು ಗಟ್ಟಿ ಇರಬೇಕಿಲ್ಲ, ಕಣ್ಣು ಕಾಣಬೇಕಿಲ್ಲ. ಲೂಕನ ಶುಭಸಂದೇಶದಲ್ಲಿ ಬರುವ ವಿಧವೆ ಅನ್ನಳ ಬಗ್ಗೆ ಹೇಳುವಾಗ 84 ವರ್ಷದ ಲೆಕ್ಕ ಬರುತ್ತದೆ. ದೇವಾಲಯಕ್ಕೆ ತಂದ ಹಸುಗೂಸು ಯೇಸುವನ್ನು ಗುರುತು ಹಿಡಿದು, ಬಂದವರಿಗೆಲ್ಲ ಆ ಮಗುವಿನ ಬಗ್ಗೆ ಹೇಳಿದವಳು ಆ ಮುದುಕಿ. ಮೊಮ್ಮಗ ದುಬೈಯಲ್ಲಿದ್ದರೆ ಫೋನಿನಲ್ಲೇ ಹರಸಿ. 'ಯಾವಾಗ ಬರ್ತೀಯಾ' ಎಂಬ ದೂರಿನಿಂದ ಮಾತು ಶುರುಮಾಡುವ ಬದಲು ಆಶೀರ್ವಾದದಿಂದ ಶುರುಮಾಡಿ. ಅವನೇ ಮತ್ತೆ ಫೋನ್ ಮಾಡುತ್ತಾನೆ.

ನೀವು ನೋಡಿಕೊಳ್ಳುವವರಾದರೆ...

* ನಿಜವಾಗಿಯೂ ಕಾಲು ತೊಳೆಯಿರಿ: ಇದು ಬರೀ ಉಪಮೆ ಅಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಗಾಯವಾದರೂ ತಿಳಿಯುವುದಿಲ್ಲ, ಬಗ್ಗಿ ನೋಡಿಕೊಳ್ಳಲೂ ಆಗುವುದಿಲ್ಲ. ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ನೀರಿನ ಬಿಸಿಯನ್ನು ಮೊದಲು ನಿಮ್ಮ ಮೊಣಕೈಯಿಂದ ನೋಡಿ. ಬೆರಳ ಸಂದಿನ ತೇವವನ್ನು ಮೆತ್ತಗೆ ಒರೆಸಿ. ಹಿಮ್ಮಡಿಗೆ ಕ್ರೀಮ್ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಅಂಗಾಲಿನಲ್ಲಿ ಬೊಕ್ಕೆ, ಕೆಂಪು, ಗಾಯ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಮನೆಯೊಳಗೂ ಚಪ್ಪಲಿ ಹಾಕಿಸಿ. ಆ ಹತ್ತು ನಿಮಿಷದಲ್ಲಿ ಅವರು ಹೇಳುವ ಹಳೆಯ ಕಥೆಗೂ ಕಿವಿ ಕೊಡಿ.

* ಎಲ್ಲವನ್ನೂ ಕಿತ್ತುಕೊಳ್ಳಬೇಡಿ: 'ನೀವು ಸುಮ್ಮನೆ ಕೂತ್ಕೊಳ್ಳಿ ಅತ್ತೆ' ಎಂಬುದು ಪ್ರೀತಿಯ ಮಾತೇ. ಆದರೆ ದಿನಕ್ಕೆ ಇಪ್ಪತ್ತು ಸಲ ಕೇಳಿದರೆ 'ನೀವು ಬೇಡ' ಎಂದಂತೆಯೇ ಕೇಳಿಸುತ್ತದೆ. ಬೆಳ್ಳುಳ್ಳಿ ಬಿಡಿಸಲಿ, ಜಪಸರ ಅವರೇ ಶುರುಮಾಡಲಿ, ಕ್ರಿಸ್ಮಸ್‌ನ ಕಲ್ಕಲ್‌ಗೆ ಹಿಟ್ಟಿನ ಹದ ಅವರೇ ನೋಡಲಿ. ಜಪಸರದ ನಡುವೆ ಲೆಕ್ಕ ತಪ್ಪಿದರೆ ನಗಬೇಡಿ. ಹನ್ನೊಂದು ನಮೋ ಮರಿಯಾ ಆದರೆ ಏನಾಗುತ್ತದೆ?

* ಒಬ್ಬಳ ಮೇಲೇ ಹೊರಿಸಬೇಡಿ: ಸೊಸೆಯಂದಿರಿಗೆ ರೂತಳ ಉದಾಹರಣೆ ಕೊಡುವುದು ಎಲ್ಲರಿಗೂ ಇಷ್ಟ. ಗಂಡ ಸತ್ತ ಮೇಲೂ ಅತ್ತೆ ನವೋಮಿಯನ್ನು ಬಿಡದೆ ಪರವೂರಿಗೆ ನಡೆದವಳು ಅವಳು. ಆದರೆ ಕಥೆಯನ್ನು ಪೂರ್ತಿ ಓದಿ. ನವೋಮಿಯೂ ಸೊಸೆಯ ಬಾಳು ನೇರವಾಗಲಿ ಎಂದು ಯೋಚಿಸಿದಳು, ದಾರಿ ತೋರಿಸಿದಳು, ಕೊನೆಗೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಸಾಕಿದಳು. ಅಲ್ಲಿ ಇಬ್ಬರೂ ಕೊಟ್ಟರು, ಇಬ್ಬರೂ ತೆಗೆದುಕೊಂಡರು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವಳಿಗೂ ವಾರಕ್ಕೊಂದು ಮಧ್ಯಾಹ್ನ ಬಿಡುವು ಬೇಕು. ನಾದಿನಿ ಬರಲಿ, ಮಗನೇ ರಜೆ ಹಾಕಲಿ. ಅಮ್ಮನ ಕಾಲು ತೊಳೆದರೆ ಗಂಡಸಿನ ಕೈ ಸವೆಯುವುದಿಲ್ಲ. ಶುಭಸಂದೇಶದಲ್ಲಿ ಕಾಲು ತೊಳೆದದ್ದೂ ಗಂಡಸೇ ಅಲ್ಲವೇ?

ದೇವರ ಹೆಸರಿನ ನೆಪ ಬೇಡ

ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ 'ಕೊರ್ಬಾನ್' ಎಂಬ ಮಾತು ಬರುತ್ತದೆ. ದೇವರಿಗೆ ಮುಡಿಪು ಎಂದು ಅರ್ಥ. ತಂದೆತಾಯಿಗೆ ಸಲ್ಲಬೇಕಾದ್ದನ್ನು ಮುಡಿಪು ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದವರನ್ನು ಯೇಸು ನೇರವಾಗಿಯೇ ಖಂಡಿಸುತ್ತಾರೆ. ಚರ್ಚ್ ಹಬ್ಬಕ್ಕೆ ದೊಡ್ಡ ಮೊತ್ತದ ರಸೀದಿ ಬರೆಸಿ, ಅಮ್ಮನ ಕಣ್ಣಿನ ಪೊರೆ ಆಪರೇಷನ್ ಮುಂದೂಡುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು. ಪ್ರಾರ್ಥನೆ ಕೂಟಕ್ಕೆ ತಪ್ಪದೆ ಹೋಗುತ್ತಾ, ಮನೆಯ ಹಿಂದಿನ ಕೋಣೆಗೆ ಇಣುಕದವರೂ ಓದಬೇಕು.

ಕಾಗದಪತ್ರವೂ ಪ್ರೀತಿಯೇ

ತೆಗೆದುಕೊಳ್ಳುವುದು ಎಂದರೆ ಎಲ್ಲವನ್ನೂ ಬರೆದುಕೊಟ್ಟು ಕೈ ಕಟ್ಟಿ ಕೂರುವುದಲ್ಲ. ಕೆಲವು ವಿಷಯ ನಿಮಗೆ ಗೊತ್ತಿರಲಿ.

* ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಗಂಡ ವಿಲ್ ಬರೆಯದೆ ತೀರಿಕೊಂಡು ಮಕ್ಕಳಿದ್ದರೆ, ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ.

* ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನಾಗಲಿ, ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಮಾಡಿದರೆ ಅವರಿಗೆ ಬರೆದ ಪಾಲು ಬಿದ್ದುಹೋಗುತ್ತದೆ.

* ಬದುಕಿರುವಾಗಲೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವುದಿದ್ದರೆ, ನಿಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಿ. ಷರತ್ತು ಮುರಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯಡಿ ಆ ಪತ್ರವನ್ನು ರದ್ದು ಮಾಡಿಸಲು ಅವಕಾಶವಿದೆ. ತಮ್ಮನ್ನು ತಾವೇ ಸಾಕಿಕೊಳ್ಳಲಾಗದ ತಂದೆತಾಯಿ ಇದೇ ಕಾಯಿದೆಯಡಿ ಮಕ್ಕಳಿಂದ ಜೀವನಾಂಶವನ್ನೂ ಕೇಳಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಯವರ ಕಚೇರಿಯಲ್ಲಿ.

* ಹೇಳಿಕೊಳ್ಳಲು ಯಾರೂ ಇಲ್ಲ ಎನ್ನಿಸಿದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಇದೆಲ್ಲ ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗಲೂ ಯೇಸು ತಾಯಿಯ ಮುಂದಿನ ದಿನಗಳ ವ್ಯವಸ್ಥೆ ಮಾಡಿದರು. ತಮ್ಮ ಆಪ್ತ ಶಿಷ್ಯನಿಗೆ ಅವಳನ್ನು ಒಪ್ಪಿಸಿದರು. ಮರಿಯಮ್ಮನೂ 'ನನಗೇನೂ ಬೇಡ' ಎನ್ನಲಿಲ್ಲ. ಅಂದಿನಿಂದ ಆ ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಂಡ ಎಂದಷ್ಟೇ ಬರೆದಿದೆ. ಬೇರೆಯವರ ಮನೆಯಲ್ಲಿ, ಬೇರೆಯವರ ಕೈಯ ಊಟ ಉಣ್ಣಲು ದೇವರ ತಾಯಿಯೂ ಒಪ್ಪಿಕೊಂಡಳು.

ಹಾಗಾಗಿ 'ಯಾರಿಗೂ ಭಾರ ಆಗೋದು ಬೇಡ' ಎಂಬ ಪ್ರಾರ್ಥನೆಯನ್ನು ಸ್ವಲ್ಪ ಬದಲಿಸಿಕೊಳ್ಳಿ. 'ಕೈ ನೀಡಲು ಬಂದವರಿಗೆ ಕೈ ಕೊಡುವ ಮನಸ್ಸು ಕೊಡು' ಎಂದು ಕೇಳಿ. ನಿಮ್ಮನ್ನು ನೋಡಿಕೊಳ್ಳುತ್ತಿರುವ ಹುಡುಗಿ ನಿಮ್ಮನ್ನು ನೋಡಿಯೇ ಮುಪ್ಪು ಎಂದರೇನೆಂದು ಕಲಿಯುತ್ತಿದ್ದಾಳೆ. ನಾಳೆ ಅವಳಿಗೂ ವಯಸ್ಸಾಗುತ್ತದೆ. ಇವತ್ತು ಸಂಜೆ ಅವಳು ಬಿಸಿನೀರಿನ ಬೋಗುಣಿ ತಂದಿಟ್ಟರೆ 'ಅಯ್ಯೋ ಬೇಡಮ್ಮಾ' ಎನ್ನಬೇಡಿ. ಕಾಲು ಮುಂದಿಡಿ. ಆಮೇಲೆ ಅವಳ ತಲೆ ಮೇಲೆ ಕೈಯಿಟ್ಟು ಹರಸಿ.