ಫೋಟೋದಲ್ಲಿದ್ದವಳು ಕ್ಯಾಮೆರಾ ಹಿಡಿದಾಗ

ನಮ್ಮ ಕಾಗವಾಡ, ಅಥಣಿ, ರಾಯಬಾಗ ಕಡೆಯ ಯಾವುದೇ ಮದುವೆಗೆ ಹೋಗಿ ನೋಡಿ. ಅಕ್ಷತೆ ಬೀಳುವ ಹೊತ್ತಿಗೆ ವೇದಿಕೆಯ ಮೇಲೆ ನೆಂಟರಿಗಿಂತ ಕ್ಯಾಮೆರಾದವರೇ ಹೆಚ್ಚಿರುತ್ತಾರೆ. ಒಬ್ಬರು ಫೋಟೋ, ಒಬ್ಬರು ವಿಡಿಯೊ, ಒಬ್ಬರು ಲೈಟ್, ಇನ್ನೊಬ್ಬರು ಡ್ರೋನ್. ಮದುಮಗಳು ಎತ್ತ ತಿರುಗಬೇಕು, ಎಷ್ಟು ನಗಬೇಕು, ಸೆರಗು ಹೇಗಿರಬೇಕು ಎಂದು ಹೇಳುವವರೂ ಅವರೇ. ಅವರೆಲ್ಲ ಗಂಡಸರು. ಹೆಣ್ಣುಮಕ್ಕಳೆಲ್ಲ ಕ್ಯಾಮೆರಾದ ಮುಂದೆಯೇ ಇರುತ್ತಾರೆ. ಇದು ಎಷ್ಟು ರೂಢಿಯಾಗಿದೆ ಎಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ನನಗೆ ಅನ್ನಿಸಿದ್ದು ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ. ಪತ್ರಿಕೋದ್ಯಮ ಓದಿದ್ದೆ, ಕ್ಯಾಮೆರಾ ಹಿಡಿಯಲು ಬರುತ್ತಿತ್ತು. ಹತ್ತಿರದ ಊರಿನ ಒಂದು ಸ್ಟುಡಿಯೊದಲ್ಲಿ ಕೇಳಿದೆ. ‘ರಾತ್ರಿ ರಿಸೆಪ್ಶನ್ ಇರ್ತಾವ್ರಿ, ಹೆಣ್ಮಕ್ಕಳಿಗಿ ಆಗೂದಿಲ್ಲ. ಬೇಕಾದ್ರ ಕುಂತು ಆಲ್ಬಮ್ ಡಿಸೈನ್ ಮಾಡ್ರಿ’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅರ್ಥ ಇಷ್ಟೇ: ಬೇರೆಯವರು ನೋಡಿದ್ದನ್ನು ನಾನು ಅಂದಗಾಣಿಸಬಹುದು, ನಾನೇ ನೋಡಿ ತೆಗೆಯುವ ಹಾಗಿಲ್ಲ.

ಇದಕ್ಕಿಂತ ಗಟ್ಟಿಯಾಗಿ ಮುಚ್ಚಿದ ಬಾಗಿಲ ಮುಂದೆ ನಿಂತವರು ಏನು ಮಾಡಿದರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಪ್ಪು ವರ್ಣೀಯ ಮಹಿಳಾ ಕಲಾವಿದೆಯರ ಕಥೆಗಳು. ಹೆಣ್ಣು ಎನ್ನುವ ಕಾರಣಕ್ಕೆ ಒಂದು ತಡೆ, ಬಣ್ಣದ ಕಾರಣಕ್ಕೆ ಇನ್ನೊಂದು. ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಎಲ್ಲಿಂದ ಶುರು ಮಾಡಿದರು ಎನ್ನುವುದು ನಮ್ಮಂಥವರಿಗೆ ಬಹಳ ಉಪಯೋಗಕ್ಕೆ ಬರುವ ವಿಷಯ.

ಮೊದಲನೆಯವರು ಆಫ್ರಿಕಾದ ಸೆನೆಗಲ್ ದೇಶದ ಸಫಿ ಫಾಯ್. ಮೊದಲು ಶಾಲಾ ಶಿಕ್ಷಕಿಯಾಗಿದ್ದವರು, ಆಮೇಲೆ ಪ್ಯಾರಿಸ್‌ಗೆ ಹೋಗಿ ಮಾನವಶಾಸ್ತ್ರವನ್ನೂ ಸಿನಿಮಾವನ್ನೂ ಕಲಿತರು. ಕಲಿತ ಮೇಲೆ ಕ್ಯಾಮೆರಾ ತೆಗೆದುಕೊಂಡು ಹೋದದ್ದು ತಮ್ಮ ಸ್ವಂತ ಹಳ್ಳಿಗೆ. 1975ರಲ್ಲಿ ಬಂದ ಅವರ ‘ಕದ್ದು ಬೇಯ್ಕತ್’ ಚಿತ್ರದಲ್ಲಿ ಇರುವುದು ಶೇಂಗಾ ಬೆಳೆಯುವ ರೈತರು. ಒಂದೇ ಬೆಳೆಯನ್ನು ನಂಬಿ, ಮಳೆ ಕೈಕೊಟ್ಟಾಗ ಸಾಲ ತೀರಿಸಲಾಗದೆ ಒದ್ದಾಡುವವರು. ಕಬ್ಬು ಒಂದನ್ನೇ ನಂಬಿಕೊಂಡ ನಮ್ಮ ಶಿರಗುಪ್ಪಿಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಕೃಷಿ ನೀತಿಯನ್ನು ಪ್ರಶ್ನಿಸಿದ್ದಕ್ಕೆ ಅವರ ದೇಶದಲ್ಲೇ ಚಿತ್ರಕ್ಕೆ ನಿಷೇಧ ಬಿತ್ತು. ಆದರೂ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಮಹಿಳೆಯೊಬ್ಬರು ಮಾಡಿ, ವಾಣಿಜ್ಯವಾಗಿ ಬಿಡುಗಡೆಯಾದ ಮೊದಲ ಪೂರ್ಣಪ್ರಮಾಣದ ಚಿತ್ರ ಎಂದು ಇಂದಿಗೂ ಅದನ್ನು ಹೆಸರಿಸುತ್ತಾರೆ.

ಎರಡನೆಯವರು ಅಮೆರಿಕದ ಕ್ಯಾರಿ ಮೇ ವೀಮ್ಸ್, ಹುಟ್ಟಿದ್ದು 1953ರಲ್ಲಿ. 1990ರಲ್ಲಿ ಅವರು ಮುಗಿಸಿದ ‘ಕಿಚನ್ ಟೇಬಲ್ ಸೀರೀಸ್’ನಲ್ಲಿ 20 ಫೋಟೋಗಳಿವೆ. ಎಲ್ಲ ಫೋಟೋಗಳಲ್ಲೂ ಅಡುಗೆಮನೆಯ ಅದೇ ಮೇಜು, ಮೇಲೆ ತೂಗುವ ಅದೇ ದೀಪ. ಆ ಮೇಜಿನ ಮುಂದೆ ಒಬ್ಬ ಹೆಂಗಸು: ಒಮ್ಮೆ ಒಬ್ಬ ಗಂಡಸಿನ ಜೊತೆ, ಒಮ್ಮೆ ಮಗಳ ಜೊತೆ, ಒಮ್ಮೆ ಗೆಳತಿಯರ ಜೊತೆ, ಒಮ್ಮೆ ಒಬ್ಬಳೇ. ಮಾಡೆಲ್ ಕೂಡ ಅವರೇ. ದುಬಾರಿ ಸೆಟ್ ಇಲ್ಲ, ವಿದೇಶದ ಲೊಕೇಶನ್ ಇಲ್ಲ. ಒಂದು ಅಡುಗೆಮನೆಯಲ್ಲಿ ಒಂದು ಇಡೀ ಬದುಕು ನಡೆದುಹೋಗುತ್ತದೆ ಎಂದು ತೋರಿಸಿದರು. ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ 2014ರಲ್ಲಿ ಅವರ ಕೆಲಸದ ದೊಡ್ಡ ಪ್ರದರ್ಶನ ಏರ್ಪಡಿಸಿತು.

ವೀಮ್ಸ್ ಮಾಡಿದ ಇನ್ನೊಂದು ಕೆಲಸವಿದೆ. 1850ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಲೂಯಿ ಅಗಾಸಿಜ್ ಎಂಬ ವಿಜ್ಞಾನಿ, ಕಪ್ಪು ಜನ ಕೀಳು ಎನ್ನುವ ತನ್ನ ವಾದಕ್ಕೆ ಸಾಕ್ಷಿಯಾಗಿ ಗುಲಾಮರನ್ನು ಬಟ್ಟೆ ಕಳಚಿಸಿ ನಿಲ್ಲಿಸಿ ಫೋಟೋ ತೆಗೆಸಿದ್ದ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ವೀಮ್ಸ್ 1995-96ರಲ್ಲಿ ಆ ಫೋಟೋಗಳನ್ನು ಮತ್ತೆ ತೆಗೆದು, ಕೆಂಪು ಬಣ್ಣ ಕೊಟ್ಟು, ಮೇಲಿನ ಗಾಜಿನಲ್ಲಿ ತಮ್ಮ ಮಾತುಗಳನ್ನು ಕೆತ್ತಿಸಿದರು. ಆಗ ನೋಡುವವರ ಕಣ್ಣು ಆ ಹೆಂಗಸಿನ ಮೈಮೇಲಿಂದ, ಅವಳನ್ನು ಹಾಗೆ ನಿಲ್ಲಿಸಿದವರ ಕಡೆಗೆ ಹೊರಳುತ್ತದೆ. ಆ ಮೂಲ ಫೋಟೋಗಳು ಯಾರಿಗೆ ಸೇರಬೇಕು ಎಂಬ ಜಗಳ ಮುಂದೆ ಕೋರ್ಟಿಗೂ ಹೋಯಿತು. ಅದರಲ್ಲಿರುವವರ ವಂಶಸ್ಥೆ ತಾನೆಂದು ಒಬ್ಬ ಮಹಿಳೆ 2019ರಲ್ಲಿ ದಾವೆ ಹೂಡಿದರು. 2025ರಲ್ಲಿ ಹಾರ್ವರ್ಡ್ ಅವುಗಳನ್ನು ಬಿಟ್ಟುಕೊಡಲು ಒಪ್ಪಿತು. ಫೋಟೋ ತೆಗೆದವರದೋ, ಅದರಲ್ಲಿ ಇರುವವರದೋ? ಈ ಪ್ರಶ್ನೆ ಇತ್ಯರ್ಥವಾಗಲು 175 ವರ್ಷ ಬೇಕಾಯಿತು.

ಮೂರನೆಯವರು ಲಟೋಯಾ ರೂಬಿ ಫ್ರೇಜಿಯರ್. ಹುಟ್ಟಿದ್ದು 1982ರಲ್ಲಿ, ಅಮೆರಿಕದ ಬ್ರಾಡಕ್ ಎಂಬ ಸಣ್ಣ ಊರಿನಲ್ಲಿ. ಉಕ್ಕಿನ ಕಾರ್ಖಾನೆಯಿಂದ ಬೆಳೆದ ಊರು, ಆ ಉದ್ಯಮ ಸೊರಗಿದಾಗ ಊರೂ ಸೊರಗಿತು. ಉಳಿದವರಿಗೆ ಸಿಕ್ಕಿದ್ದು ಹೊಗೆ ಮತ್ತು ಕಾಯಿಲೆ. ಫ್ರೇಜಿಯರ್ ಹದಿಹರೆಯದಲ್ಲೇ ಅಜ್ಜಿಯನ್ನೂ ಅವ್ವನನ್ನೂ ತನ್ನನ್ನೂ ಫೋಟೋ ತೆಗೆಯಲು ಶುರು ಮಾಡಿದರು. 2010ರಲ್ಲಿ ಊರಿನ ಆಸ್ಪತ್ರೆ ಮುಚ್ಚಿದಾಗ ಅದನ್ನೂ ದಾಖಲಿಸಿದರು. 2014ರಲ್ಲಿ ‘ದಿ ನೋಷನ್ ಆಫ್ ಫ್ಯಾಮಿಲಿ’ ಎಂಬ ಪುಸ್ತಕವಾಗಿ ಇದೆಲ್ಲ ಬಂತು. ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ: ಅವ್ವ ಅಲ್ಲಿ ಬರೀ ಫೋಟೋಗೆ ಕೂತವರಲ್ಲ, ಕ್ಯಾಮೆರಾ ಹಿಡಿದು ಮಗಳ ಫೋಟೋವನ್ನೂ ತೆಗೆದವರು.

ಹೊಲ, ಅಡುಗೆಮನೆ, ಕಾರ್ಖಾನೆ. ಮೂವರೂ ಶುರು ಮಾಡಿದ ಜಾಗಗಳು ಇವೇ. ನಮ್ಮ ಊರಲ್ಲಿ ಇವು ಮೂರೂ ಇವೆ!

ಹಾಗಾದರೆ ನಮ್ಮ ಕಡೆ ಇಂಥದ್ದು ನಡೆದೇ ಇಲ್ಲವೇ? ನಡೆದಿದೆ. ಫ್ರೇಜಿಯರ್ ಹುಟ್ಟಿದ ವರ್ಷವೇ, ಅಂದರೆ 1982ರಲ್ಲಿ, ನಮ್ಮ ನಿಪ್ಪಾಣಿಯಲ್ಲಿ ಒಂದು ಸಿನಿಮಾ ತಯಾರಾಯಿತು. ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’, ಭಾಷೆ ಮರಾಠಿ. ಮಾಡಿದವರು ‘ಯುಗಾಂತರ್’ ಎಂಬ ತಂಡ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಂಡವದು. ಆಗ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಸಾವಿರಾರು ಹೆಂಗಸರು ಕೂಲಿಗಾಗಿ, ಮರ್ಯಾದೆಗಾಗಿ ಸಂಘ ಕಟ್ಟಿ ಹೋರಾಟಕ್ಕೆ ಇಳಿದಿದ್ದರು. ತಂಡದವರು ಬಂದು ಒಂದೆರಡು ದಿನ ಶೂಟ್ ಮಾಡಿ ಹೋಗಲಿಲ್ಲ. ನಾಲ್ಕು ತಿಂಗಳು ಅವರ ನಡುವೆ ಇದ್ದು, ಏನನ್ನು ತೋರಿಸಬೇಕು, ಹೇಗೆ ಹೇಳಬೇಕು ಎಂದು ಅವರ ಜೊತೆಗೇ ಕೂತು ತೀರ್ಮಾನಿಸಿದರು. ತಂಬಾಕಿನ ಘಾಟಿನಲ್ಲಿ ಕೆಮ್ಮುತ್ತ ದುಡಿದವರು ತಮ್ಮ ಕಥೆಯನ್ನು ತಾವೇ ಹೇಳಿದರು. ಬರ್ಲಿನ್‌ನ ಆರ್ಸೆನಲ್ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಈ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿದೆ. ಆದರೆ ನಮ್ಮ ಕಾಲೇಜುಗಳಲ್ಲಿ ಎಷ್ಟು ಜನರಿಗೆ ಇದರ ಹೆಸರು ಗೊತ್ತು? ನನ್ನ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನ್ನನ್ನೂ ಸೇರಿಸಿ.

ಇನ್ನೊಂದು ಮಾತು. ಕಪ್ಪು ಮಹಿಳೆಯರು ಎಂದಾಗ ನಮ್ಮ ಮನಸ್ಸು ಅಮೆರಿಕಕ್ಕೆ, ಆಫ್ರಿಕಾಕ್ಕೆ ಹೋಗುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ, ಪಕ್ಕದ ಯಲ್ಲಾಪುರ, ಹಳಿಯಾಳ, ಕಲಘಟಗಿ ಕಡೆಗಳಲ್ಲಿ ಸಿದ್ದಿ ಜನ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಕನ್ನಡದಲ್ಲೇ ಮಾತಾಡುವ ಅವರನ್ನು ಬಸ್ಸಿನಲ್ಲಿ ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುವವರು ಈಗಲೂ ಇದ್ದಾರೆ.

ಈ ಸಮುದಾಯದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗಭೂಮಿಯಲ್ಲಿ ಹೆಸರು ಮಾಡಿದ ಕಲಾವಿದೆಯರು. 2021ರಲ್ಲಿ ತೆರೆಕಂಡ ‘ಸಲಗ’ ಚಿತ್ರದ ಸಿದ್ದಿ ಹಾಡಿನಲ್ಲಿ ಅವರ ದನಿ ಕೇಳಿ ಕರ್ನಾಟಕದ ಹುಡುಗರೆಲ್ಲ ಕುಣಿದರು. ನಮ್ಮೂರ ಗಣಪತಿ ಮೆರವಣಿಗೆಯಲ್ಲೂ ಆ ಹಾಡು ಮೊಳಗಿತು. ಸಂತೋಷದ ವಿಷಯವೇ. ಆದರೆ ಹಾಡಿನಾಚೆಗೆ ಸಿದ್ದಿ ಹೆಣ್ಣುಮಗಳ ಮನೆ, ಅವಳ ಓದು, ಅವಳ ಕೆಲಸ, ಅವಳ ಸಿಟ್ಟು ಇವನ್ನು ನಾವು ತೆರೆಯ ಮೇಲೆ ಎಷ್ಟು ನೋಡಿದ್ದೇವೆ? 2024ರ ‘ರಿದಮ್ ಆಫ್ ದಮಾಮ್’ ಚಿತ್ರದಲ್ಲಿ ಸಿದ್ದಿಗಳೇ ನಟಿಸಿದ್ದಾರೆ, ನಿರ್ದೇಶಕ ಜಯನ್ ಚೆರಿಯನ್ ಹೊರಗಿನವರು. ಹೊರಗಿನವರು ಪ್ರೀತಿಯಿಂದ ಮಾಡಬಾರದು ಎಂದಲ್ಲ, ನಿಪ್ಪಾಣಿಯಲ್ಲೂ ಮಾಡಿದವರು ಬೆಂಗಳೂರಿನವರೇ. ಆದರೆ ಸಫಿ ಫಾಯ್ ತಮ್ಮ ಊರಿಗೆ ಮರಳಿದ ಹಾಗೆ, ಖಾನಾಪುರದ ಒಬ್ಬ ಸಿದ್ದಿ ಹುಡುಗಿ ಕ್ಯಾಮೆರಾ ಹಿಡಿದು ತನ್ನ ಅಜ್ಜಿಯನ್ನು ತೋರಿಸಿದರೆ ಅದು ಬೇರೆಯೇ ಆಗಿರುತ್ತದೆ.

ಎಷ್ಟು ಬೇರೆ ಎನ್ನುವುದು ನನಗೆ ಅರ್ಥವಾದದ್ದು ಕಳೆದ ಕಬ್ಬಿನ ಹಂಗಾಮಿನಲ್ಲಿ. ಕಬ್ಬು ಕಡಿಯಲು ಬರುವ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಮುಂಗಡ ಕೊಡುವ ಮುಕಾದಮನ ಪಟ್ಟಿಯಲ್ಲಿ ಇರುವುದು ಗಂಡನ ಹೆಸರು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಕಬ್ಬು ಸವರಿ, ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ಹೆಂಗಸಿನ ಹೆಸರು ಎಲ್ಲೂ ಇರುವುದಿಲ್ಲ. ಅವರ ಫೋಟೋ ತೆಗೆಯಬೇಕೆಂದು ಮೊಬೈಲ್ ಹಿಡಿದು ಹೋಗಿ, ವಿಜಯಪುರ ಕಡೆಯ ಒಬ್ಬ ಅಕ್ಕನನ್ನು ಕೇಳಿದೆ. ಅವರು ತಲೆಯ ಮೇಲಿನ ಹೊರೆ ಇಳಿಸಿ ಅಂದರು: ‘ಹೊರಿ ಹೊತ್ತಿದ್ದು ಬ್ಯಾಡವ್ವ. ಹಂಗ ನಾ ದಿನಾ ಇರ್ತೀನಿ. ಮಗಳ ಜೋಡಿ ಕುಂದರ್ತೀನಿ, ಅದನ್ನ ತಗಿ.’

ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಗುಡಿಸಲ ಮುಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಫೋಟೋ ತೋರಿಸಿದಾಗ ಕೇಳಿದ್ದು ಒಂದೇ: ‘ಕಾಗದದ ಮ್ಯಾಲ ಬರ್ತೈತೇನು?’ ಅವರ ಹತ್ತಿರ ಇದ್ದದ್ದು ಮದುವೆಯ ಒಂದು ಫೋಟೋ, ಆಧಾರ್ ಕಾರ್ಡಿನ ಫೋಟೋ, ಅಷ್ಟೇ. ಮಿರಜ್‌ನಲ್ಲಿ ಪ್ರಿಂಟ್ ಹಾಕಿಸಿ, ಅವರು ಹೇಳಿದಂತೆ ಹಿಂದೆ ತಾಯಿ ಮಗಳ ಹೆಸರು ಬರೆದು ಕೊಟ್ಟೆ.

ಆ ದಿನ ಅವರು ನನ್ನ ಮೊಬೈಲ್ ಇಸಿದುಕೊಂಡು ಜೊತೆಯ ಹೆಂಗಸರ ಒಂದು ಫೋಟೋ ತೆಗೆದರು. ಸ್ವಲ್ಪ ವಾಲಿದೆ, ಒಬ್ಬರ ಅರ್ಧ ತಲೆ ಕಟ್ ಆಗಿದೆ. ಆದರೆ ಅದರಲ್ಲಿ ಐದು ಜನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಾರೆ. ನಾನು ಕ್ಯಾಮೆರಾ ಹಿಡಿದಾಗ ಅವರೆಲ್ಲ ಸೆರಗು ಹೊದ್ದು ನೆಟ್ಟಗೆ ಕೂತಿದ್ದರು. ಆ ನಗು ಅವರ ಗೆಳತಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಯಾರು ಕ್ಯಾಮೆರಾ ಹಿಡಿಯುತ್ತಾರೆ ಎನ್ನುವುದು ಏಕೆ ಮುಖ್ಯ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ನನ್ನ ಹಾಗೆ ಕೆಲಸ ಹುಡುಕುತ್ತಿರುವ ಗೆಳತಿಯರಿಗೆ ಒಂದೆರಡು ಮಾತು. ಫೋಟೋ, ವಿಡಿಯೊ ಎಂದರೆ ಮದುವೆ ಮತ್ತು ರೀಲ್ಸ್ ಮಾತ್ರವಲ್ಲ. ಕಲಿಯಬೇಕೆಂದರೆ ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಇದೆ. ನಮಗೆ ಬೆಂಗಳೂರಿಗಿಂತ ಹತ್ತಿರವಾದ ಪುಣೆಯ ಎಫ್‌ಟಿಐಐ ಅಲ್ಪಾವಧಿ ಕೋರ್ಸುಗಳನ್ನೂ ನಡೆಸುತ್ತದೆ. ಮನೆಯಲ್ಲಿ ‘ಹೆಣ್ಣ್ ಹುಡಿಗಿ ಕ್ಯಾಮೆರಾ ಹಿಡದು ಊರ ತಿರಗೂದಾ?’ ಎಂದರೆ, ಮೊದಲು ಮನೆಯೊಳಗೇ ಶುರು ಮಾಡಿ. ವೀಮ್ಸ್‌ಗೆ ಒಂದು ಮೇಜು ಸಾಕಾಯಿತು, ನಮಗೆ ಒಂದು ಒಲೆ ಸಾಕು. ನಮ್ಮ ಅವ್ವ ಒಲೆಯ ಮುಂದೆ ಕೂತು ಸಂಘದ ಲೆಕ್ಕ ಬರೆಯುವ ಫೋಟೋ ನೋಡಿದ ಮೇಲೆಯೇ ಅಪ್ಪ ನನ್ನ ಕ್ಯಾಮೆರಾದ ವಿಷಯಕ್ಕೆ ಬರುವುದು ಬಿಟ್ಟಿದ್ದು.

ತೆಗೆಯುವ ಮೊದಲು ಕೇಳಿ. ಹೇಗೆ ಕಾಣಬೇಕೆಂದು ಅವರೇ ಹೇಳಲಿ. ಹೆಸರು, ಊರು, ತಾರೀಖು ಬರೆದಿಡಿ, ಹೆಸರಿಲ್ಲದ ಫೋಟೋ ಹತ್ತು ವರ್ಷಕ್ಕೆ ಅನಾಥವಾಗುತ್ತದೆ. ಒಂದು ಪ್ರಿಂಟ್ ಅವರ ಕೈಗೆ ಕೊಡಿ. ಆಗಾಗ ಕ್ಯಾಮೆರಾವನ್ನೂ ಅವರ ಕೈಗೆ ಕೊಡಿ. ಇದಕ್ಕೆಲ್ಲ ಸ್ಟುಡಿಯೊದವರ ಒಪ್ಪಿಗೆ ಬೇಕಾಗಿಲ್ಲ. ನಿಮ್ಮೂರಲ್ಲಿ ಇದುವರೆಗೆ ಯಾರ ಫೋಟೋವನ್ನು ಯಾರೂ ತೆಗೆದಿಲ್ಲ ಎಂದು ಒಮ್ಮೆ ಯೋಚಿಸಿ. ಮೊದಲು ಅವರ ಮನೆಗೆ ಹೋಗಿ.