ಜೀವಕಣದ ದ್ವಾರಪಾಲಕ

ಔರಾದ ತಾಲ್ಲೂಕಿನ ತೊಗರಿಯ ಹೊಲದಲ್ಲಿ ನಡೆವ ಒಕ್ಕಲಿಗನ ಕಾಲ ಬಳಿ ಹಾವೊಂದು ಹರಿದುಹೋದರೆ ಅವನ ಎದೆ ಡವಡವನೆ ಹೊಡೆದುಕೊಳ್ಳುವುದು. ಹಾವು ಮರೆಯಾದ ಸ್ವಲ್ಪ ಹೊತ್ತಿನಲ್ಲಿ ಶಾಂತವಾಗುವುದು. ಭಯದ ವಾರ್ತೆಯನ್ನು ಹೃದಯಕ್ಕೆ ತರುವ ದೂತರಲ್ಲಿ ಅಡ್ರಿನಲಿನ್ ಎಂಬ ರಸವು ಮುಖ್ಯವಾದುದು. ಆದರೆ ಈ ರಸವು ವಾರ್ತೆಯನ್ನು ತಿಳಿಸಲು ಹೃದಯದ ಜೀವಕಣಗಳ ಒಳಹೊಗುವುದಿಲ್ಲ. ಹಾಗಾದರೆ ವಾರ್ತೆಯು ಒಳಗೆ ಮುಟ್ಟುವುದೆಂತು?

ಬೀದರದ ಕೋಟೆಯ ಗುಂಬಜ ದರವಾಜೆಯನ್ನು ಕಂಡ ವಾಚಕರು ಹೀಗೆ ಭಾವಿಸಬಹುದು: ದೂತನು ಹೊರಗೇ ನಿಂತನು, ಒಳಗಿನ ಕಾವಲುಗಾರನು ಸುದ್ದಿಯನ್ನು ಒಯ್ದನು. ಜೀವಕಣದ ಪೊರೆಯಲ್ಲಿರುವ ಗ್ರಾಹಕವೇ ಆ ಬಾಗಿಲು. ಅದರ ಒಳಮಗ್ಗುಲಲ್ಲಿರುವ ಜಿ ಪ್ರೋಟೀನೇ ಕಾವಲುಗಾರನು. ಇದಕ್ಕೆ ಆಲ್ಫಾ, ಬೀಟಾ, ಗಾಮಾ ಎಂದು ೩ ಅಂಗಗಳು. ವಿಶ್ರಾಂತಿಯಲ್ಲಿ ಮೂರೂ ಕೂಡಿದ್ದು, ಆಲ್ಫಾ ಜಿ.ಡಿ.ಪಿ. ಎಂಬ ಅಣುವನ್ನು ಹಿಡಿದಿರುವುದು. ದೂತನು ಗ್ರಾಹಕವನ್ನು ಮುಟ್ಟಿದೊಡನೆ ಆಲ್ಫಾ ಅದನ್ನು ಬಿಟ್ಟು ಜಿ.ಟಿ.ಪಿ.ಯನ್ನು ಹಿಡಿದು, ಜೊತೆಯವರನ್ನು ಅಗಲಿ, ಪೊರೆಯಲ್ಲಿಯೇ ಇರುವ ಕಿಣ್ವವೊಂದನ್ನು ಎಚ್ಚರಿಸುವುದು. ಆ ಕಿಣ್ವವು ಸೈಕ್ಲಿಕ್ ಎ.ಎಂ.ಪಿ. ಎಂಬ ಒಳದೂತರನ್ನು ಹೇರಳವಾಗಿ ಹುಟ್ಟಿಸುವುದು. ಈ ರಹಸ್ಯವನ್ನು ಬಿಡಿಸಿದ ಅಮೆರಿಕದ ಗಿಲ್ಮನ್ ಮತ್ತು ರಾಡ್‌ಬೆಲ್ ಎಂಬ ವಿದ್ವಾಂಸರಿಗೆ ೧೯೯೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆಲ್ಫಾದ ಹಿರಿಮೆಯು ಹೊರಡುವುದರಲ್ಲಿ ಮಾತ್ರವಲ್ಲ, ಮರಳುವುದರಲ್ಲಿಯೂ ಉಂಟು. ಅದು ತಾನೇ ಜಿ.ಟಿ.ಪಿ.ಯನ್ನು ಕತ್ತರಿಸಿ ಜಿ.ಡಿ.ಪಿ.ಯಾಗಿಸಿ, ಜೊತೆಯವರನ್ನು ಮತ್ತೆ ಕೂಡುವುದು. ಮಹಾಭಾರತದಲ್ಲಿ ಅರ್ಜುನನು ಅಸ್ತ್ರವನ್ನು ಬಿಡಲೂ ಬಲ್ಲನು, ಹಿಂದೆಗೆಯಲೂ ಬಲ್ಲನು. ಅಶ್ವತ್ಥಾಮನಿಗೆ ಬಿಡುವುದಷ್ಟೇ ಗೊತ್ತು. ಆಲ್ಫಾ ಅರ್ಜುನನಂತಿರುವವರೆಗೆ ದೇಹಕ್ಕೆ ಕ್ಷೇಮ.

ವಾಂತಿಭೇದಿಯು ಅದನ್ನು ಅಶ್ವತ್ಥಾಮನನ್ನಾಗಿ ಮಾಡುವುದು. ಕಾಲರಾ ಕ್ರಿಮಿಯ ವಿಷವನ್ನು ೧೯೫೯ರಲ್ಲಿ ಕಲಕತ್ತೆಯ ಶಂಭುನಾಥ ಡೇ ಅವರು ತೋರಿಸಿಕೊಟ್ಟರು. ಆ ವಿಷವು ಕರುಳಿನ ಜೀವಕಣಗಳಲ್ಲಿ ಆಲ್ಫಾಕ್ಕೆ ಬೀಗಮುದ್ರೆಯೊತ್ತಿ, ಮರಳದಂತೆ ತಡೆಯುವುದು. ಒಳದೂತರು ಹೆಚ್ಚುತ್ತಲೇ ಹೋಗಿ ಲವಣವು ಕರುಳಿನೊಳಕ್ಕೆ ಸುರಿಯುವುದು. ಅದರ ಬೆನ್ನಿಗೆ ನೀರು. ಕೆಲವೇ ತಾಸುಗಳಲ್ಲಿ ದೇಹವು ಬತ್ತುವುದು.

ಆದರೂ ಕರುಳಿನ ಇನ್ನೊಂದು ಬಾಗಿಲು ಕೆಡದೆ ಉಳಿದಿರುವುದು. ಅಲ್ಲಿ ಸಕ್ಕರೆಯೂ ಉಪ್ಪೂ ಜೊತೆಯಾಗಿ ಒಳಹೊಕ್ಕು ನೀರನ್ನು ಸೆಳೆದುಕೊಳ್ಳುವುವು. ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ ಮಹಾಲನಬೀಸ ಅವರು ಈ ಉಪಾಯದಿಂದಲೇ ಬಹು ಜನರನ್ನು ಬದುಕಿಸಿದರು.

ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುವುದುಂಟು. ಇದು ಪ್ರಾಣಕ್ಕೆ ಎರವಾಗುವ ಮಾತು. ಮದ್ದಿನ ಅಂಗಡಿಯ ಓ.ಆರ್.ಎಸ್. ಪುಡಿಯೇ ಉತ್ತಮ. ಅದಿಲ್ಲದಿದ್ದರೆ, ಕಾಯಿಸಿ ಆರಿಸಿದ ೧ ಲೀಟರು ನೀರಿಗೆ ಚಹದ ಚಮಚೆಯಲ್ಲಿ ಸಮತಲವಾಗಿ ೬ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಉಪ್ಪು ಇದಕ್ಕೆ ಮೀರಬಾರದು. ಭಾಲ್ಕಿಯ ಹಳ್ಳಿಯಿಂದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿಯೂ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.