ದೋಣಿ ಮಗುಚುವ ಲೆಕ್ಕ

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಕಡಲಿನ ಒಡನಾಟವೇ ಇಲ್ಲದ ಬಯಲುನಾಡಿನ ಮಂದಿ. ಹುಬ್ಬಳ್ಳಿ-ಧಾರವಾಡದ ನಮ್ಮ ಸ್ಥಿತಿಯೂ ಅದೇ. ಸಂಜೆಗೆ ಉಣಕಲ್ ಕೆರೆ, ರಜೆ ಬಂತೆಂದರೆ ದಾಂಡೇಲಿ, ಕಾರವಾರ. ಈಜು ಬಾರದವರೇ ಹೆಚ್ಚು.

ಇಂಥ ದುರಂತವಾದಾಗ ದೊಡ್ಡ ಅಲೆ ಬಂತು, ವಿಧಿ ಕೈಕೊಟ್ಟಿತು ಎನ್ನುತ್ತೇವೆ. ಆದರೆ 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 45 ಪ್ರವಾಸಿಗರನ್ನು ಬಲಿ ತೆಗೆದುಕೊಂಡ 'ಜಲಕನ್ಯಕಾ' ದೋಣಿ ಸಾಗುತ್ತಿದ್ದದ್ದು ಅಣೆಕಟ್ಟಿನ ಹಿನ್ನೀರಿನಲ್ಲಿ. ದಡದ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಪಿಕ್‌ನಿಕ್‌ಗೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಅದೂ ಊರೊಳಗಿನ ಕೆರೆ.

ಹಾಗಾದರೆ ದೋಣಿ ಮಗುಚುವುದೇಕೆ? ದೋಣಿಯ ಭಾರ ತನ್ನ ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆಯುತ್ತದೆ, ನೀರು ಮೇಲಕ್ಕೆ ನೂಕುತ್ತದೆ. ದೋಣಿ ವಾಲಿದಾಗ ನೀರಿನೊಳಗಿರುವ ಭಾಗದ ಆಕಾರ ಬದಲಾಗಿ, ನೂಕುವ ಬಲ ವಾಲಿದ ಕಡೆಗೆ ಸರಿದು ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಆ ಬಲದ ಗೆರೆ ದೋಣಿಯ ನಡುಗೆರೆಯನ್ನು ದಾಟುವ ಬಿಂದುವಿಗೆ ಮೆಟಾಸೆಂಟರ್ ಎನ್ನುತ್ತಾರೆ. ಫ್ರೆಂಚ್ ವಿಜ್ಞಾನಿ ಪಿಯರ್ ಬೂಗೇರ್ 1746ರಲ್ಲೇ ಇದನ್ನು ವಿವರಿಸಿದ್ದ. ಗುರುತ್ವ ಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದಷ್ಟೂ ದೋಣಿ ಭದ್ರ. ಜನ ಎದ್ದು ನಿಂತರೆ, ಮೇಲಟ್ಟದಲ್ಲಿ ತುಂಬಿಕೊಂಡರೆ ಆ ಕೇಂದ್ರ ಮೇಲೇರಿ ಭದ್ರತೆ ಕರಗುತ್ತದೆ.

ಒಂದು ಲೆಕ್ಕ ಮಾಡೋಣ. ಜನ ಸೇರಿ ದೋಣಿಯ ತೂಕ 2 ಟನ್, ಅಗಲ 2 ಮೀಟರ್, ಮೆಟಾಸೆಂಟರ್ ಗುರುತ್ವ ಕೇಂದ್ರಕ್ಕಿಂತ ಅರ್ಧ ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. 60 ಕಿಲೋ ತೂಕದ ಐವರು ಸೆಲ್ಫಿಗೆಂದು ಒಂದು ಬದಿಗೆ ಒಂದು ಮೀಟರ್ ಸರಿದರೆ ದೋಣಿ ಸುಮಾರು 17 ಡಿಗ್ರಿ ವಾಲುತ್ತದೆ, ಆ ಬದಿಯ ಅಂಚು ಹತ್ತಿರ ಹತ್ತಿರ 30 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮಿತಿ ಮೀರಿ ಜನ ತುಂಬಿದ ದೋಣಿಯಲ್ಲಿ ಅಂಚು ನೀರಿನಿಂದ ಅಷ್ಟು ಎತ್ತರದಲ್ಲೂ ಇರುವುದಿಲ್ಲ. ಒಳಗೆ ನುಗ್ಗಿದ ನೀರು ತಟ್ಟೆಯಲ್ಲಿನ ಸಾರಿನಂತೆ ತಗ್ಗಿನ ಕಡೆಗೇ ಹರಿದು ವಾಲನ್ನು ಹೆಚ್ಚಿಸುತ್ತದೆ. ಆಮೇಲೆ ಚಾಲಕ ಎಷ್ಟೇ ಪಳಗಿದವನಾದರೂ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ನೀರಿಗೆ ಬಿದ್ದವರಿಗೆ ಲೈಫ್ ಜಾಕೆಟ್ ಒಂದೇ ದಾರಿ. ಮನುಷ್ಯನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ತಲೆ ಮೇಲಿರಲು ನಾಲ್ಕೈದು ಕಿಲೋ ಭಾರ ಹೊರುವಷ್ಟು ತೇಲುಬಲ ಸಿಕ್ಕರೂ ಸಾಕು. ಆದರೆ ಜಾಕೆಟ್ ಸೀಟಿನ ಕೆಳಗಿದ್ದರೆ ಉಪಯೋಗವಿಲ್ಲ. ಮುಳುಗುವವರು ಸಿನಿಮಾದಲ್ಲಿರುವಂತೆ ಕೈಬೀಸಿ ಕೂಗುವುದು ಅಪರೂಪ. ಬಾಯಿ ನೀರಿನ ಮೇಲಿರುವ ಚೂರು ಹೊತ್ತಿನಲ್ಲಿ ಉಸಿರಾಡುವುದೇ ಕಷ್ಟ, ಕೂಗುವುದೆಲ್ಲಿ? ಜಾಕೆಟ್ ಹುಡುಕಿ ಬಕಲ್ ಹಾಕಿಕೊಳ್ಳಲು ಆಗ ಸಮಯ ಇರುವುದಿಲ್ಲ. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಿದರೆ ಮಗು ಅದರೊಳಗಿಂದಲೇ ಜಾರಿಬಿಡಬಹುದು.

ಕಾನೂನಿಗೆ ಈ ಲೆಕ್ಕ ಗೊತ್ತಿದೆ. ಬಾಡಿಗೆ ಪಡೆದು ಅಸುರಕ್ಷಿತ ಇಲ್ಲವೇ ಮಿತಿಮೀರಿ ತುಂಬಿದ ದೋಣಿಯಲ್ಲಿ ಜನರನ್ನು ಸಾಗಿಸಿ ಪ್ರಾಣಾಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನಡಿ ಅಪರಾಧ, ದೋಣಿ ಮಗುಚಲೇಬೇಕೆಂದಿಲ್ಲ. ಶಿಕ್ಷೆ ಮಾತ್ರ ಆರು ತಿಂಗಳವರೆಗಿನ ಸೆರೆ, ಇಲ್ಲವೇ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಇದು ತೀರಾ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವು ಸಂಭವಿಸಿದರೆ ನಿರ್ಲಕ್ಷ್ಯದ ಸಾವಿನ 106ನೇ ಕಲಮು ಐದು ವರ್ಷದವರೆಗೆ ಸೆರೆ ವಿಧಿಸುತ್ತದೆ. 2021ರ ಒಳನಾಡು ಹಡಗುಗಳ ಕಾಯ್ದೆ ಕೆರೆ, ನದಿಗಳ ಯಂತ್ರಚಾಲಿತ ದೋಣಿಗಳಿಗೆ ತಪಾಸಣೆ, ನೋಂದಣಿ, ವಿಮೆ ಬೇಕೆನ್ನುತ್ತದೆ. 'ನಿಮ್ಮ ಸ್ವಂತ ಜವಾಬ್ದಾರಿ' ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಕ್ರಿಮಿನಲ್ ಹೊಣೆ ಕಳಚುವುದಿಲ್ಲ. ಟಿಕೆಟ್ ಕೊಂಡವರು ಗ್ರಾಹಕರು. ಸೇವೆಯ ಲೋಪಕ್ಕಾಗಿ ಗ್ರಾಹಕ ಆಯೋಗಕ್ಕೂ ಹೋಗಬಹುದು.

ದಡದಲ್ಲಿ ನಿಂತವನು "ಇನ್ನೊಂದಿಬ್ರು ಹತ್ರಿ, ಏನೂ ಆಗೂದಿಲ್ಲ" ಅಂದಾಗ ದಯವಿಟ್ಟು ಕೇಳಿ: ಈ ದೋಣಿಗೆ ಎಷ್ಟು ಮಂದಿ? ಆ ಸಂಖ್ಯೆ ಎಲ್ಲಿ ಬರೆದಿದೆ? ಮಗುವಿನ ಅಳತೆಯ ಜಾಕೆಟ್ ಇದೆಯೇ? ಉತ್ತರ ಬಾರದಿದ್ದರೆ ಹತ್ತಬೇಡಿ, ಹತ್ತಿದವರನ್ನೂ ಇಳಿಸಿ.